ವಿಶಲ್ ಊದುವವರೇ ಸಿಗದಿದ್ದರೆ ಆಟ ಎಲ್ಲಿಂದ ಬಂತು?

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿ. ಸಂಜೆ ಹೊತ್ತು, ಮಂಡಕ್ಕಿ ಮಿರ್ಚಿ ಮುಂದೆ ಮೂವರು ಹುಡುಗರು. ಒಬ್ಬನ ಕೈಯಲ್ಲಿ ಫೋನು, ಫೋನಿನಲ್ಲಿ ಸುನಿಲ್ ಛೆಟ್ರಿ ಹೊಡೆದ ಹಳೆಯ ಗೋಲು. ಪಂದ್ಯ ಮುಗಿದು ವರ್ಷಗಳೇ ಕಳೆದಿವೆ, ಜಗಳ ಮಾತ್ರ ಮುಗಿದಿಲ್ಲ.

"ಅದು ಗೋಲೇ ಅಲ್ಲಲೇ, ರೆಫ್ರಿ ವಿಶಲ್ಲೇ ಹೊಡೆದಿಲ್ಲ" ಅಂತ ಒಬ್ಬ. "ವಿಶಲ್ ಬೇಕಾಗಿಲ್ಲಪಾ, ರೂಲ್ಸ್ ಐತಿ" ಅಂತ ಇನ್ನೊಬ್ಬ. ಮೂರನೆಯವನು ಮಿರ್ಚಿ ಕಚ್ಚುತ್ತಾ, "ಅದೆಲ್ಲ ಇರ್ಲಿ, ಛೆಟ್ರಿ ಆಫ್‌ಸೈಡ್ ಇದ್ದ" ಅಂದ.

ನಾವು ಪಕ್ಕದ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆವು. ಮೂರನೆಯವನ ಮಾತಿಗೆ ನಗು ಬಂತು, ಆದರೆ ನಗುವ ಹಕ್ಕು ನಮಗೂ ಇರಲಿಲ್ಲ. ಅದೇಕೆ ಅಂತ ಆಮೇಲೆ ಹೇಳುತ್ತೇವೆ. ಮೊದಲು ಆ ಪಂದ್ಯದ ಕಥೆ.

2023ರ ಮಾರ್ಚ್ 3, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಸೋತವರು ಮನೆಗೆ. 90 ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯದ 6ನೇ ನಿಮಿಷದ ಸುಮಾರಿಗೆ ಕೇರಳದ ಪೆನಾಲ್ಟಿ ಬಾಕ್ಸಿನ ಹೊರಗೆ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ಆಟಗಾರರನ್ನು ಗೋಡೆ ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಅಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದರು. ತಂಡ ತಿರುಗಿ ಬರಲಿಲ್ಲ. ಕಾದು ನೋಡಿ ಪಂದ್ಯ ಬೆಂಗಳೂರಿನದು ಎಂದು ಘೋಷಿಸಲಾಯಿತು.

ಯಾರದು ಸರಿ? ಫ್ರೀಕಿಕ್ ಸಿಕ್ಕ ತಂಡಕ್ಕೆ ಎರಡು ದಾರಿ ಇವೆ. ಚೆಂಡು ನಿಂತಿದ್ದರೆ ವಿಶಲ್ಲಿಗೆ ಕಾಯದೆ ತಕ್ಷಣ ಒದೆಯಬಹುದು. ಇಲ್ಲವಾದರೆ, ಎದುರಾಳಿಗಳನ್ನು 9.15 ಮೀಟರ್ ಹಿಂದೆ ಕಳಿಸಿ ಅಂತ ರೆಫ್ರಿಗೆ ಕೇಳಬಹುದು. ಹಾಗೆ ಕೇಳಿದ ಮೇಲೆ ವಿಶಲ್ ಬರುವ ತನಕ ಕಾಯಲೇಬೇಕು. ನನಗೆ ವಿಶಲ್ಲೂ ಬೇಡ, ಗೋಡೆಯೂ ಬೇಡ ಅಂತ ರೆಫ್ರಿಗೆ ಮೊದಲೇ ಹೇಳಿದ್ದೆ ಎಂದು ಛೆಟ್ರಿ ಪಂದ್ಯದ ನಂತರ ಹೇಳಿದರು. ಕೇರಳದವರ ವಾದ ಬೇರೆ. ರೆಫ್ರಿ ಆಗಲೇ ನಮ್ಮವರನ್ನು ಹಿಂದೆ ಸರಿಸುತ್ತಿದ್ದರು, ಅಂದಮೇಲೆ ವಿಶಲ್ ಬೇಕಿತ್ತು ಎಂಬುದು ಅವರ ಮಾತು. ಎರಡೂ ಕಡೆಯ ಮಾತು ನಿಯಮದ ಒಳಗಿನದೇ. ಚಹಾದಂಗಡಿಯಲ್ಲಿ ಇಂಥ ವಾದ ನಡೆದರೆ ನಮಗೆ ಖುಷಿಯೇ.

ಆದರೆ ಆಫ್‌ಸೈಡ್? ಛೆಟ್ರಿ ಫ್ರೀಕಿಕ್ಕನ್ನು ನೇರವಾಗಿ ಗೋಲಿಗೆ ಹೊಡೆದರು. ಚೆಂಡು ಒದೆಯುವವನೇ ಆಫ್‌ಸೈಡ್ ಆಗಲು ಸಾಧ್ಯವಿಲ್ಲ.

ಆಫ್‌ಸೈಡ್ ಅಂದರೆ ಏನು ಅಂತ ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, ಅದು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವುದನ್ನು ತಡೆಯುವ ಕಾನೂನು. ಕೊಟ್ಟೂರು ಜಾತ್ರೆಯ ದಿನ ನಾವೆಲ್ಲ ಸಾಲಿನಲ್ಲಿ ನಿಂತಿರುತ್ತೇವೆ. ಒಬ್ಬ ಆ ಕಡೆಯಿಂದ ಹೋಗಿ ಕಿಟಕಿಯಲ್ಲಿ ಟವೆಲ್ ತೂರಿ ಸೀಟು ಹಿಡಿಯುತ್ತಾನೆ. ಎದುರಾಳಿಯ ಗೋಲಿನ ಬಾಯಲ್ಲೇ ಮೊದಲೇ ಹೋಗಿ ನಿಂತು ಚೆಂಡಿಗೆ ಕಾಯುವವನೂ ಅಂಥವನೇ. ಅದಕ್ಕೇ ನಿಯಮ ಹೀಗಿದೆ: ನಿಮ್ಮ ಜೊತೆಗಾರ ಚೆಂಡು ಒದ್ದ ಆ ಕ್ಷಣದಲ್ಲಿ, ಎದುರಾಳಿಯ ಅರ್ಧ ಮೈದಾನದಲ್ಲಿ, ಚೆಂಡಿಗಿಂತಲೂ ಎದುರಾಳಿಗಳ ಕೊನೆಯಿಂದ ಎರಡನೆಯವನಿಗಿಂತಲೂ ನೀವು ಗೋಲಿಗೆ ಹತ್ತಿರ ಇದ್ದರೆ ಅದು ಆಫ್‌ಸೈಡ್ ಜಾಗ. ಸಾಮಾನ್ಯವಾಗಿ ಕೊನೆಯವನು ಗೋಲ್‌ಕೀಪರ್, ಅವನ ಮುಂದಿನ ಡಿಫೆಂಡರ್ ಎರಡನೆಯವನು. ಅವನ ಸಮಕ್ಕೆ ನಿಂತಿದ್ದರೆ ತಪ್ಪಿಲ್ಲ. ಕೈ, ತೋಳು ಲೆಕ್ಕಕ್ಕಿಲ್ಲ. ಥ್ರೋ ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಚೆಂಡು ಬಂದರೆ ಆಫ್‌ಸೈಡ್ ಇಲ್ಲ. ಆ ಜಾಗದಲ್ಲಿ ಸುಮ್ಮನೆ ನಿಂತಿರುವುದೂ ತಪ್ಪಲ್ಲ. ಆಟಕ್ಕೆ ಕೈಹಾಕಿದಾಗ ಮಾತ್ರ ತಪ್ಪು.

ಈ ನಿಯಮವೂ ಆಕಾಶದಿಂದ ಬಿದ್ದದ್ದಲ್ಲ. 1925ಕ್ಕೆ ಮೊದಲು ಮುಂದೆ ಮೂವರು ಎದುರಾಳಿಗಳು ಇರಬೇಕಿತ್ತು, ಆಮೇಲೆ ಅದು ಇಬ್ಬರಾಯಿತು. ಸಮಕ್ಕೆ ನಿಂತರೆ ತಪ್ಪಿಲ್ಲ ಎಂದಾಗಿದ್ದು 1990ರಲ್ಲಿ. ಅಂದರೆ ಜನ ಜಗಳಾಡಿದ್ದಾರೆ, ಕೂತು ಮಾತಾಡಿದ್ದಾರೆ, ನಿಯಮ ತಿದ್ದಿದ್ದಾರೆ.

ಈಗ ಲೈನಿನಲ್ಲಿ ಬಾವುಟ ಹಿಡಿದು ಓಡುವ ಸಹಾಯಕ ರೆಫ್ರಿಯ ಪಾಡು ಯೋಚಿಸಿ. ಅಲ್ಲೆಲ್ಲೋ 30 ಮೀಟರ್ ಆಚೆ ಚೆಂಡು ಒದ್ದ ಕ್ಷಣವನ್ನೂ ನೋಡಬೇಕು, ಅದೇ ಕ್ಷಣ ಇಲ್ಲಿ ಯಾರ ಹೆಜ್ಜೆ ಮುಂದಿದೆ ಅಂತಲೂ ನೋಡಬೇಕು. ಇರುವುದು ಎರಡೇ ಕಣ್ಣು, ನೋಡುವುದು ಒಂದೇ ಸಲ. ನಾವು ಫೋನಿನಲ್ಲಿ ಹತ್ತು ಸಲ ನಿಧಾನ ಮಾಡಿ ನೋಡಿ, "ಕುರುಡ ಏನ್ಲೇ ಇವ" ಅನ್ನುತ್ತೇವೆ.

ಮಿಷಿನ್ ತಂದರೆ ಜಗಳ ತಪ್ಪುತ್ತದೆ ಅಂತ ಕೆಲವರು ಹೇಳುತ್ತಾರೆ. 2022ರ ಕತಾರ್ ವಿಶ್ವಕಪ್ಪಿನಲ್ಲಿ ಆಫ್‌ಸೈಡ್ ಹಿಡಿಯಲು ಚಾವಣಿ ಕೆಳಗೆ 12 ಕ್ಯಾಮೆರಾ ಇಟ್ಟಿದ್ದರು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ನವೆಂಬರ್ 22ರಂದು ಸೌದಿ ಅರೇಬಿಯಾ ವಿರುದ್ಧ ಅರ್ಜೆಂಟೀನಾ ಮೊದಲ ಅರ್ಧದಲ್ಲೇ ಮೂರು ಸಲ ಚೆಂಡು ಬಲೆಗೆ ಹಾಕಿಯೂ ಮೂರೂ ಆಫ್‌ಸೈಡ್ ಆದವು. ಕೊನೆಗೆ ಮೆಸ್ಸಿ ತಂಡ 2-1ರಲ್ಲಿ ಸೋತಿತು. ತೋಳಿನಷ್ಟು ಮುಂದಿದ್ದಕ್ಕೂ ಗೋಲು ಕಿತ್ತುಕೊಳ್ಳಬೇಕಾ ಅಂತ ಆ ರಾತ್ರಿಯೂ ವಾದ ನಡೆಯಿತು. ಮಿಷಿನ್ ಗೆರೆ ಎಳೆಯುತ್ತದೆ. ಆ ಗೆರೆ ನ್ಯಾಯವೋ ಅಲ್ಲವೋ ಎಂಬ ಮಾತು ಮನುಷ್ಯರ ಬಾಯಲ್ಲೇ ಉಳಿಯುತ್ತದೆ.

ಬೆಂಗಳೂರು ಅಭಿಮಾನಿಗಳ ಕಥೆಗೆ ತಿರುಗಿ ಬರೋಣ. ಮಾರ್ಚ್ 3ರಂದು ಅವರೆಲ್ಲ "ರೆಫ್ರಿ ಹೇಳಿದ ಮೇಲೆ ಮುಗೀತು" ಅಂದರು. ಹದಿನೈದೇ ದಿನ. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಫೈನಲ್. ಬೆಂಗಳೂರು 2-1ರಲ್ಲಿ ಮುಂದಿದ್ದಾಗ 85ನೇ ನಿಮಿಷದಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿ ಕೊಟ್ಟರು. ಫೌಲ್ ಬಾಕ್ಸಿನ ಹೊರಗೆ ಆಗಿತ್ತು ಎಂಬುದು ಬೆಂಗಳೂರಿನವರ ದೂರು. 2-2 ಆಯಿತು, ಶೂಟೌಟಿನಲ್ಲಿ 4-3ರಿಂದ ಕಪ್ಪು ಹೋಯಿತು. ಲೀಗ್‌ಗೆ ವಿಡಿಯೊ ರೆಫ್ರಿ ಬೇಕೇ ಬೇಕು ಅಂತ ತಂಡದ ಮಾಲೀಕ ಪಾರ್ಥ್ ಜಿಂದಾಲ್ ಟ್ವೀಟ್ ಮಾಡಿದರು. ಹೌದು, ನಮ್ಮ ಹುಡುಗರು ದಿನಾ ಶಿಫ್ಟಿಗೆ ಹೋಗುವ ತೋರಣಗಲ್ಲಿನ ಅದೇ ಜಿಂದಾಲ್ ಮನೆತನ. ಹದಿನೈದು ದಿನದ ಹಿಂದೆ ಕೇರಳದವರು ಅತ್ತಾಗ ನಕ್ಕವರು ಅವತ್ತು ತಾವೇ ಅತ್ತರು. ನಿಯಮ ಅದೇ ಇತ್ತು. ಯಾರ ಜರ್ಸಿಗೆ ಪೆಟ್ಟು ಬಿತ್ತು ಎಂಬುದಷ್ಟೇ ಬದಲಾಗಿತ್ತು.

ಮೈದಾನ ಬಿಟ್ಟು ಹೋಗಿದ್ದರಿಂದ ಕೇರಳಕ್ಕೆ ಸಿಕ್ಕಿದ್ದೇನು? ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯ ನಿಷೇಧ, 5 ಲಕ್ಷ ದಂಡ. ಗೋಲು ಗೋಲಾಗಿಯೇ ಉಳಿಯಿತು. ಇನ್ನೂ ಅರ್ಧ ಗಂಟೆಗೆ ಸ್ವಲ್ಪ ಕಡಿಮೆ ಆಟ ಬಾಕಿ ಇತ್ತು, ಒಂದು ಗೋಲು ಹೊಡೆಯಲು ಅದು ಕಡಿಮೆ ಹೊತ್ತಲ್ಲ. ಆ ಅವಕಾಶವನ್ನು ಕಿತ್ತುಕೊಂಡಿದ್ದು ರೆಫ್ರಿ ಅಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ನಮ್ಮ ದೇಶಕ್ಕೇ ಆಯಿತು. 2024ರ ಜೂನ್ 11, ದೋಹಾ. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಕತಾರ್ ವಿರುದ್ಧ ಭಾರತ 1-0 ಮುಂದಿತ್ತು. 73ನೇ ನಿಮಿಷದಲ್ಲಿ ಚೆಂಡು ಗೆರೆ ದಾಟಿ ಹೊರಗೆ ಹೋಗಿತ್ತು. ಕತಾರ್ ಆಟಗಾರ ಅದನ್ನು ಒಳಗೆ ಎಳೆದುಕೊಂಡ, ಇನ್ನೊಬ್ಬ ಗೋಲು ಹೊಡೆದ. ರೆಫ್ರಿ ಗೋಲು ಕೊಟ್ಟರು. ಆ ಪಂದ್ಯಕ್ಕೆ ವಿಡಿಯೊ ರೆಫ್ರಿ ಇರಲಿಲ್ಲ. ಅವತ್ತಿನ ನಾಯಕ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ಬೆಂಗಳೂರು ಎಫ್‌ಸಿಯವರೇ. ನಮ್ಮವರು ರೆಫ್ರಿಯ ಸುತ್ತ ನಿಂತು ಕೇಳಿದರು, ಬೇಡಿದರು, ಆಮೇಲೆ ಆಟಕ್ಕೆ ತಿರುಗಿದರು. 2-1ರಲ್ಲಿ ಸೋತರು, ವಿಶ್ವಕಪ್ ಕನಸು ಅಲ್ಲಿಗೆ ಮುಗಿಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಆ ಹುಡುಗರು ಮೈದಾನ ಬಿಡಲಿಲ್ಲ.

ಇನ್ನು ನಮ್ಮ ತಪ್ಪಿನ ಮಾತು. ನಮ್ಮ ಕಡೆ ಫುಟ್ಬಾಲ್ ಹೆಚ್ಚಾಗಿ ಫೋನಿನಲ್ಲಿ. ಮೈದಾನದಲ್ಲಿ ಇರುವುದು ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟು. ಕಳೆದ ವರ್ಷ ತಾಲ್ಲೂಕಿನ ಒಂದು ಹಳ್ಳಿಯ ಕಬಡ್ಡಿ ಟೂರ್ನಿಗೆ ವರದಿಗೆಂದು ಹೋಗಿದ್ದೆವು. ಫೈನಲ್ಲಿನಲ್ಲಿ ಒಂದು ಬೋನಸ್ ಪಾಯಿಂಟಿನ ಜಗಳ. ಬೋನಸ್ ಗೆರೆ ದಾಟಿ ಒಂದು ಕಾಲು ಊರಿದಾಗ ಇನ್ನೊಂದು ಕಾಲು ಗಾಳಿಯಲ್ಲಿ ಇರಬೇಕು. ಇರಲಿಲ್ಲ ಅಂತ ಅಂಪೈರ್ ಪಾಯಿಂಟ್ ಕೊಡಲಿಲ್ಲ. ಅವರು ದೈಹಿಕ ಶಿಕ್ಷಕರು, ಬಿಸಿಲಲ್ಲಿ ಬೆಳಗ್ಗಿನಿಂದ ನಿಂತಿದ್ದವರು. ಎರಡು ನಿಮಿಷದಲ್ಲಿ ಕುರ್ಚಿ ಹಾರಿದವು, ಅವರ ಅಂಗಿ ಹರಿಯಿತು. ನಾವು "ಗಲಾಟೆ, ಪಂದ್ಯ ಸ್ಥಗಿತ" ಅಂತ ನಾಲ್ಕು ಸಾಲು ಬರೆದು ಕಳಿಸಿದೆವು. ನಿಯಮ ಏನಿತ್ತು ಅಂತ ಬರೆಯಲಿಲ್ಲ. ಅಂಪೈರ್ ಅವರನ್ನು ಒಂದು ಮಾತು ಕೇಳಲೂ ಇಲ್ಲ. ಸತ್ಯ ಹೇಳಬೇಕೆಂದರೆ ಆ ನಿಯಮ ಅವತ್ತು ನಮಗೂ ಸರಿಯಾಗಿ ಗೊತ್ತಿರಲಿಲ್ಲ.

ಈ ವರ್ಷ ಆ ಊರಲ್ಲಿ ಟೂರ್ನಿ ನಡೆಯಲಿಲ್ಲ. ದುಡ್ಡಿತ್ತು, ತಂಡಗಳಿದ್ದವು, ಶಾಮಿಯಾನದವರೂ ಒಪ್ಪಿದ್ದರು. ವಿಶಲ್ ಊದಲು ಯಾರೂ ಬರಲಿಲ್ಲ. ಆ ಮೇಷ್ಟ್ರನ್ನು ಕೇಳಿದಾಗ, "ಮನ್ಯಾಗ ಬ್ಯಾಡಂತಾರಪ್ಪ" ಅಂದರಂತೆ. ಪಾಯಿಂಟಿಗಾಗಿ ಜಗಳಾಡಿದ ಹುಡುಗರಿಗೆ ಈಗ ಆಡಲು ಅಂಕಣವೇ ಇಲ್ಲ.

ಕೇರಳಕ್ಕೆ ದೂರು ಕೊಡಲು ಒಂದು ಫೆಡರೇಷನ್ ಇತ್ತು. ದೂರು ತಿರಸ್ಕಾರವಾಯಿತು, ಆದರೆ ಯಾರೋ ಕೇಳಿಸಿಕೊಂಡರು. ನಮ್ಮ ಹಳ್ಳಿ ಟೂರ್ನಿಯಲ್ಲಿ ದೂರು ಕೇಳುವವರೇ ಇಲ್ಲ. ಅದಕ್ಕೇ ಕೈ ಮುಂದಾಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಇದನ್ನು ಸರಿಮಾಡಲು ಕೋಟಿ ಬೇಕಿಲ್ಲ, ಕ್ಯಾಮೆರಾನೂ ಬೇಕಿಲ್ಲ.

ಫೈನಲ್ ಆಡುವ ಎರಡೂ ಊರಿನವರಲ್ಲದ ಅಂಪೈರ್ ಕರೆಸಿ. ಆಟ ಶುರುವಾಗುವ ಮೊದಲು ಮೈಕಿನಲ್ಲಿ ಐದು ನಿಮಿಷ ನಿಯಮ ಓದಿ, ನೋಡುವವರಿಗೂ ಕೇಳಲಿ. ಅಂಪೈರ್ ಹತ್ತಿರ ನಾಯಕ ಒಬ್ಬನೇ ಮಾತಾಡಲಿ. 2024ರ ಯುರೋ ಕಪ್ಪಿನಲ್ಲೂ ಇದೇ ನಿಯಮ ತಂದರು, ದೊಡ್ಡ ದೊಡ್ಡ ಆಟಗಾರರೂ ಪಾಲಿಸಬೇಕಾಯಿತು. ಊರಿನ ಮೂವರು ಹಿರಿಯ ಆಟಗಾರರನ್ನು ಟೇಬಲ್ಲಿಗೆ ಕೂರಿಸಿ, ದೂರು ಬರೆದು ಕೊಟ್ಟರೆ ಅಲ್ಲೇ ಓದಿ ಉತ್ತರ ಹೇಳಲಿ. ಅಂಪೈರಿಗೆ ಶಾಲು ಹಾರಕ್ಕಿಂತ ಮೊದಲು ದಿನದ ಕೂಲಿಗೆ ಕಡಿಮೆಯಿಲ್ಲದ ದುಡ್ಡು ಕೊಡಿ, ಊಟ ಹಾಕಿ, ಮನೆ ಮುಟ್ಟಿಸಿ. ಅವರ ಮುಖ ಹಾಕಿ ಬೈಗುಳದ ಸ್ಟೇಟಸ್ ಇಡಬೇಡಿ. ಅವರ ಮಕ್ಕಳ ಕೈಯಲ್ಲೂ ಫೋನಿದೆ.

ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಸಲ ಗಲಾಟೆಯ ಸುದ್ದಿ ಬರೆದರೆ, ನಿಯಮ ಏನು ಹೇಳುತ್ತದೆ, ಅಂಪೈರ್ ಏನು ಹೇಳುತ್ತಾರೆ ಎಂಬುದನ್ನೂ ಬರೆಯುತ್ತೇವೆ.

ಜಗಳ ಬಿಡಿ ಅಂತ ನಾವು ಹೇಳುತ್ತಿಲ್ಲ. ಜಗಳವೇ ಇಲ್ಲದ ಆಟ ಉಪ್ಪಿಲ್ಲದ ಮಿರ್ಚಿ. ಅವತ್ತು ಚಹಾದಂಗಡಿಯಲ್ಲಿ ಮೂರನೆಯ ಹುಡುಗನಿಗೆ ಟವೆಲ್ಲಿನ ಕಥೆ ಹೇಳಿ ಆಫ್‌ಸೈಡ್ ತಿಳಿಸಿದೆವು. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ಆಫ್‌ಸೈಡ್ ಅಲ್ಲ ಬಿಡ್ರಿ. ಆದ್ರೂ ವಿಶಲ್ ಹೊಡಿಬೇಕಿತ್ತು" ಅಂದ. ಮತ್ತೆ ಶುರುವಾಯಿತು. ನಾವು ಇನ್ನೊಂದು ಚಹಾ ಹೇಳಿದೆವು.