ಹೊಸಿಲಿನವರೆಗೆ ಬಂದ ಹಕ್ಕು

ಫಿಜಿ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಕಬ್ಬಿನ ಗದ್ದೆ, ಗಿರ್ಮಿಟ್ ಕರಾರು. 1879ರಿಂದ 1916ರವರೆಗೆ ಅರುವತ್ತು ಸಾವಿರಕ್ಕೂ ಮಿಕ್ಕ ಭಾರತೀಯರು ಹಡಗೇರಿ ಆ ದ್ವೀಪಗಳನ್ನು ಸೇರಿದರು. ಆಂಗ್ಲರು ಅಲ್ಲಿಗೆ ಒಯ್ದುದು ಕೂಲಿಯವರನ್ನು ಮಾತ್ರವಲ್ಲ. ಗಂಡಸರಿಬ್ಬರ ಕೂಟವನ್ನು ಪ್ರಕೃತಿಗೆ ವಿರುದ್ಧವೆಂದು ದಂಡಿಸುವ, ನಮ್ಮ 377ನೆಯ ಕಲಮಿನ ಒಡಹುಟ್ಟಿನಂತಿದ್ದ ಕಾನೂನನ್ನೂ ಒಯ್ದರು.

ಆ ಕಲಮಿನ ಹಿಡಿತವನ್ನು ನಮ್ಮ ಸುಪ್ರೀಂ ಕೋರ್ಟು ಸಡಿಲಿಸಿದುದು 2018ರಲ್ಲಿ. ಪುಟ್ಟ ಫಿಜಿ ನಮಗಿಂತ ಮುಂದಿತ್ತೆಂದರೆ ವಾಚಕರಿಗೆ ಅಚ್ಚರಿಯಾದೀತು. ಲೈಂಗಿಕ ಒಲವಿನ ಕಾರಣದಿಂದ ಯಾರನ್ನೂ ಭೇದದಿಂದ ಕಾಣಕೂಡದೆಂದು ಅದರ 1997ರ ಸಂವಿಧಾನವೇ ಹೇಳಿತ್ತು. ದಕ್ಷಿಣ ಆಫ್ರಿಕದ ಅನಂತರ ಇಂಥ ಮಾತನ್ನು ಸಂವಿಧಾನದಲ್ಲಿ ಬರೆದ ರಾಷ್ಟ್ರ ಇದೇ.

ಆದರೆ ಹಳೆಯ ದಂಡಸಂಹಿತೆ ಹಾಗೆಯೇ ಉಳಿದಿತ್ತು. 2005ರ ಏಪ್ರಿಲಿನಲ್ಲಿ ನಾಂದಿ ಪಟ್ಟಣದ ನ್ಯಾಯಾಲಯವು ಒಬ್ಬ ಫಿಜಿಯವನಿಗೂ ಒಬ್ಬ ಆಸ್ಟ್ರೇಲಿಯದವನಿಗೂ ತಲಾ ಎರಡು ವರ್ಷಗಳ ಸೆರೆವಾಸ ವಿಧಿಸಿತು. ಅದೇ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜೆರಾರ್ಡ್ ವಿಂಟರ್ ಆ ತೀರ್ಪನ್ನು ರದ್ದುಗೊಳಿಸಿದರು. ವಯಸ್ಕರಿಬ್ಬರು ಒಪ್ಪಿ ಏಕಾಂತದಲ್ಲಿ ನಡೆಸುವ ಬಾಳನ್ನು ದಂಡಿಸುವುದು ಸಂವಿಧಾನ ಕೊಟ್ಟ ಸಮಾನತೆಗೂ ಖಾಸಗಿತನಕ್ಕೂ ಸಲ್ಲದೆಂಬುದು ಅವರ ನಿರ್ಣಯ. 2010ರಲ್ಲಿ ಜಾರಿಗೆ ಬಂದ ಹೊಸ ಅಪರಾಧ ಕಾನೂನಿನಲ್ಲಿ ಆ ಅಪರಾಧವೇ ಇರಲಿಲ್ಲ.

ಇದೆಲ್ಲ ಪರದೇಶದಿಂದ ಬಂದ ಚಾಳಿ ಎನ್ನುವವರು ಅಲ್ಲಿಯೂ ಉಂಟು. ಹೆಣ್ಣಿನಂತೆ ಬಾಳುವ ಗಂಡಿಗೆ ‘ವಕಸಲೆವಲೆವ’ ಎಂಬ ಮಾತು ಅಲ್ಲಿನ ಮೂಲನಿವಾಸಿಗಳ ನುಡಿಯಲ್ಲಿಯೇ ಇದೆ. ಹಡಗಿನಲ್ಲಿ ಬಂದುದು ದಂಡನೆ! ಆದರೂ ಜನಮನ ನ್ಯಾಯಪೀಠದಷ್ಟು ಬೇಗ ಬದಲಾಗಲಿಲ್ಲ. 2012ರಲ್ಲಿ ರಾಜಧಾನಿ ಸುವಾದಲ್ಲಿ ನಡೆಯಬೇಕಾಗಿದ್ದ ಮೆರವಣಿಗೆಗೆ ಕೊಟ್ಟ ಅಪ್ಪಣೆಯನ್ನು ಪೊಲೀಸರು ಹಿಂತೆಗೆದುಕೊಂಡರು. ಸಕ್ಕರೆಯ ಪಟ್ಟಣವಾದ ಲೌಟೋಕದ ಬೀದಿಯಲ್ಲಿ ಅವರು ಹೆಮ್ಮೆಯಿಂದ ನಡೆದುದು 2018ರ ಮೇ ತಿಂಗಳಲ್ಲಿ.

ನನ್ನನ್ನು ಬಹಳವಾಗಿ ಕಾಡಿದುದು 2013ರ ಸಂವಿಧಾನದ 26ನೆಯ ವಿಧಿ. ಲೈಂಗಿಕ ಒಲವಿನ ಜೊತೆಗೆ ಲಿಂಗ ಗುರುತನ್ನೂ ಅದು ತನ್ನ ರಕ್ಷಣೆಯೊಳಕ್ಕೆ ತಂದಿತು. ಉದಾರವಾದ ಮಾತೇ ಸರಿ. ಆದರೆ ಅದೇ ವಿಧಿಯನ್ನು ಕೊನೆಯವರೆಗೆ ಓದಿದರೆ, ದತ್ತು, ವಿವಾಹ, ಮರಣಾನಂತರದ ಆಸ್ತಿ, ಪಿಂಚಣಿ ಇವುಗಳ ಕುರಿತ ಕಾನೂನುಗಳಿಗೆ ವಿನಾಯಿತಿ ಕೊಟ್ಟಿರುವುದು ಕಾಣುತ್ತದೆ. ಸಂಸಾರವೆಂದರೆ ಇವೇ ಅಲ್ಲವೆ? ಅಲ್ಲಿನ ವಿವಾಹ ಕಾನೂನಿನಲ್ಲಿ ಮದುವೆಯೆಂಬುದು ಒಂದು ಹೆಣ್ಣಿಗೂ ಒಂದು ಗಂಡಿಗೂ ಮಾತ್ರ. ಆದುದರಿಂದ ಇಬ್ಬರು ಗೆಳತಿಯರು ಒಂದೇ ಸೂರಿನಡಿ ನಲವತ್ತು ವರ್ಷ ಬಾಳಿ, ಒಬ್ಬಳು ತೀರಿಕೊಂಡರೆ, ವಿಧವೆಗೆ ತಾನಾಗಿಯೇ ಸಲ್ಲುವ ಹಕ್ಕು ಉಳಿದವಳಿಗೆ ಸಲ್ಲುವುದಿಲ್ಲ.