ದಿನಬಳಕೆಯ ಇಂಗ್ಲಿಷ್: ಟ್ಯಾಕ್ಸಿಯಲ್ಲಿ ನಾಲ್ಕು ಮಾತು

ಕಳೆದ ಸಂಚಿಕೆಯಲ್ಲಿ ಬ್ಯಾಂಕಿನಲ್ಲಿ ಆಡಬೇಕಾದ ಇಂಗ್ಲಿಷ್ ಮಾತುಗಳನ್ನು ಬರೆದಿದ್ದೆವು. ಅದನ್ನು ಓದಿದ ಸೋದರಿಯೊಬ್ಬರು, "ಬ್ಯಾಂಕಿನೊಳಗೆ ಹೋದ ಮೇಲೆ ಏನು ಹೇಳಬೇಕೆಂಬುದು ತಿಳಿಯಿತು, ಬ್ಯಾಂಕಿನವರೆಗೆ ಹೋಗುವುದು ಹೇಗೆಂಬುದನ್ನು ಯಾರು ಹೇಳಿಕೊಡುತ್ತಾರೆ?" ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದು. ಆದುದರಿಂದ ಈ ಸಲ ಟ್ಯಾಕ್ಸಿ ಹತ್ತೋಣ.

ಮುಂಬಯಿಯಲ್ಲಿ, ದಿಲ್ಲಿಯಲ್ಲಿ ಇರುವ ನಮ್ಮವರಿಗೆ ಈ ತೊಂದರೆ ಅಷ್ಟಿಲ್ಲ. ಅಲ್ಲಿ ಮುರುಕು ಹಿಂದಿಯೇ ಸಾಕು. ಚೆನ್ನೈಯಲ್ಲಿರುವ ನಮ್ಮ ಪಾಡು ಬೇರೆ. ಬೃಂದಾವನ, ಕಾವೇರಿ ರೈಲುಗಳಿಂದ ಸೆಂಟ್ರಲ್ ನಿಲ್ದಾಣದಲ್ಲಿ ಬಂದಿಳಿಯುವ ಹಿರಿಯರಿಗೆ ತಮಿಳು ಬಾರದು. ಚಾಲಕರಿಗೆ ಕನ್ನಡ ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ಇಬ್ಬರ ನಡುವೆ ಉಳಿಯುವ ಸೇತುವೆ ಇಂಗ್ಲಿಷ್ ಒಂದೇ. ಬಿ.ಎ. ಪಾಸು ಮಾಡಿ ಕಚೇರಿಯಲ್ಲಿ ಕಡತ ತಿರುವುವವರಿಗೂ ಈ ಪಾಠ ಬೇಡವೆಂದಲ್ಲ. "ಐ ಆಮ್ ಡೈರೆಕ್ಟೆಡ್ ಟು ಇನ್‌ಫಾರ್ಮ್ ಯೂ" ಎಂಬ ಇಂಗ್ಲಿಷಿನಲ್ಲಿ ಪೀಠಿಕೆ ಮುಗಿಯುವಷ್ಟರಲ್ಲಿ ಟ್ಯಾಕ್ಸಿ ಮುಂದಿನ ಸಿಗ್ನಲ್ ದಾಟಿರುತ್ತದೆ!

ಮೊದಲು ಒಂದು ಧೈರ್ಯದ ಮಾತು. ಟ್ಯಾಕ್ಸಿಯ ಇಂಗ್ಲಿಷನ್ನು ನಮ್ಮ ಅಜ್ಜಿಯಂದಿರೂ ಆಗಲೇ ಅರ್ಧ ಬಲ್ಲರು. ಲೆಫ್ಟು, ರೈಟು, ಸ್ಟ್ರೇಟು, ಸ್ಟಾಪು, ಮೀಟರು, ಚೇಂಜು, ವೇಟಿಂಗು, ಗೇಟು, ಸಿಗ್ನಲು, ಆಸ್ಪತ್ರೆ, ಟೇಷನ್ನು: ಇವೆಲ್ಲ ಕನ್ನಡವೇ ಆಗಿಹೋಗಿವೆ, ತಮಿಳೂ ಆಗಿಹೋಗಿವೆ. ಕೊನೆಯ ಉಕಾರವನ್ನು ಕಳಚಿದರೆ ಇಂಗ್ಲಿಷ್. ಕಳಚದಿದ್ದರೂ ಚಾಲಕನಿಗೆ ತಿಳಿಯುತ್ತದೆ. "ಟ್ಯಾಕ್ಸಿ" ಎಂಬ ಮಾತು ಕೂಡ ತುಂಡು ಮಾತೇ. ಬಾಡಿಗೆ ಅಳೆಯುವ "ಟ್ಯಾಕ್ಸಿಮೀಟರ್" ಎಂಬ ಯಂತ್ರದಿಂದ ಬಂದದ್ದು. "ಕ್ಯಾಬ್" ಎಂಬುದು "ಕ್ಯಾಬ್ರಿಯೊಲೆ" ಎಂಬ ಫ್ರೆಂಚರ ಕುದುರೆಗಾಡಿಯ ಹೆಸರಿನ ತುಂಡು. ಇಂಗ್ಲಿಷರೇ ಅರ್ಧಕ್ಕೆ ಕತ್ತರಿಸಿದ ಮಾತನ್ನು ನಾವು ಪೂರ್ತಿ ಆಡಬೇಕೆಂಬ ನಿಯಮವಿಲ್ಲ.

ಹತ್ತುವ ಮುನ್ನ

"ಕುಡ್ ಯೂ ಟೇಕ್ ಮೀ ಟು ಮೈಲಾಪುರ್, ಪ್ಲೀಸ್?" (ನನ್ನನ್ನು ಮೈಲಾಪುರಕ್ಕೆ ಕರೆದುಕೊಂಡು ಹೋಗುತ್ತೀರಾ?)
"ನಿಯರ್ ದ ಕಪಾಲೀಶ್ವರರ್ ಟೆಂಪಲ್." (ಕಪಾಲೀಶ್ವರನ ಗುಡಿಯ ಹತ್ತಿರ.)
"ಹೌ ಮಚ್ ವಿಲ್ ಇಟ್ ಬಿ?" (ಎಷ್ಟಾಗುತ್ತದೆ?)
"ಪ್ಲೀಸ್ ಪುಟ್ ದ ಮೀಟರ್ ಆನ್." (ದಯವಿಟ್ಟು ಮೀಟರ್ ಹಾಕಿ.)

ಬೀದಿಯ ಹೆಸರಿಗಿಂತ ಗುರುತಿನ ಹೆಸರು ಮೇಲು. ಗುಡಿ, ಆಸ್ಪತ್ರೆ, ಸಿನಿಮಾ ಮಂದಿರ, ಪಾರ್ಕು, ಇವುಗಳಲ್ಲಿ ಒಂದನ್ನು ಹೇಳಬೇಕು. ತ್ಯಾಗರಾಯನಗರಕ್ಕೆ ಹೋಗುವವರು "ಪನಗಲ್ ಪಾರ್ಕ್" ಎಂದರೆ ಮತ್ತೇನೂ ಹೇಳಬೇಕಿಲ್ಲ. ಅಣ್ಣಾ ಸಾಲೈ ಎಂದರೂ ಮೌಂಟ್ ರೋಡ್ ಎಂದರೂ ಒಂದೇ ರಸ್ತೆ. 1996ರಲ್ಲಿ ಮದರಾಸು ಚೆನ್ನೈ ಆಯಿತು. ಹಳೆಯ ಹೆಸರುಗಳು ಮಾತ್ರ ಚಾಲಕರ ನಾಲಗೆಯ ಮೇಲೆ ಇನ್ನೂ ಜೀವಂತವಾಗಿವೆ.

ಮಕ್ಕಳ ಮನೆಗೆಂದು ಲಂಡನ್ನಿಗೆ ಹೋಗುವ ಹಿರಿಯರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅವರಿಗೂ ಒಂದು ಮಾತು. ಅಲ್ಲಿನ ಕಪ್ಪು ಟ್ಯಾಕ್ಸಿಯ ನೆತ್ತಿಯ ದೀಪ ಉರಿಯುತ್ತಿದ್ದರೆ ಗಾಡಿ ಖಾಲಿ ಇದೆಯೆಂದು ಅರ್ಥ. ಹತ್ತುವ ಮೊದಲು ಕಿಟಕಿಯ ಬಳಿ ನಿಂತು ಸ್ಥಳದ ಹೆಸರು ಹೇಳುವುದು ಅಲ್ಲಿನ ರೂಢಿ. ದಾರಿ ಹೇಳುವ ಗೋಜಿಲ್ಲ. 1865ರಿಂದಲೂ ಅಲ್ಲಿನ ಚಾಲಕರು "ನಾಲೆಡ್ಜ್" ಎಂಬ ಪರೀಕ್ಷೆಗೆ ಕುಳಿತು, ಚೇರಿಂಗ್ ಕ್ರಾಸಿನ ಸುತ್ತ 6 ಮೈಲಿಯೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿರಬೇಕು. ನಮ್ಮ ಸಾವಿರ ಬೀದಿಯ ಪಾಡು ಹಾಗಲ್ಲ. ದಾರಿ ಹೇಳುವುದು ಸವಾರಿ ಮಾಡುವವರ ಕೆಲಸವೂ ಹೌದು.

ದಾರಿಯಲ್ಲಿ

"ಟರ್ನ್ ಲೆಫ್ಟ್ ಆಫ್ಟರ್ ದ ಸಿಗ್ನಲ್." (ಸಿಗ್ನಲ್ ಆದಮೇಲೆ ಎಡಕ್ಕೆ.)
"ಎ ಲಿಟಲ್ ಸ್ಲೋಲಿ, ಪ್ಲೀಸ್." (ಸ್ವಲ್ಪ ನಿಧಾನ.)
"ಪ್ಲೀಸ್ ಸ್ಟಾಪ್ ಹಿಯರ್." (ಇಲ್ಲಿ ನಿಲ್ಲಿಸಿ.)
"ಪ್ಲೀಸ್ ವೇಟ್ ಫೈವ್ ಮಿನಿಟ್ಸ್." (ಐದು ನಿಮಿಷ ಕಾಯಿರಿ.)

ಇಲ್ಲಿ ಮೂರು ಕಡೆ ಎಡವುವ ಸಂಭವ ಉಂಟು. ಮೊದಲನೆಯದು "ರೈಟ್". ನಮ್ಮೂರ ಬಸ್ಸಿನ ಕಂಡಕ್ಟರ್ "ರೈಟ್, ರೈಟ್" ಎಂದರೆ ಬಸ್ಸು ಮುಂದೆ ಹೋಗುತ್ತದೆ. ಮಾತಿಗೆ ಒಪ್ಪಿಗೆ ಸೂಚಿಸುವಾಗಲೂ ನಾವು "ರೈಟ್" ಎನ್ನುತ್ತೇವೆ. ಟ್ಯಾಕ್ಸಿಯಲ್ಲಿ ಕುಳಿತು ಹಾಗೆಂದರೆ ಗಾಡಿ ಬಲಕ್ಕೆ ತಿರುಗುತ್ತದೆ! "ಲೆಫ್ಟಾ, ಸಾರ್?" ಎಂದು ಆತ ಕೇಳಿದಾಗ "ರೈಟ್" ಎಂದು ಒಪ್ಪಿಕೊಂಡವರ ಗತಿ ದೇವರಿಗೇ ಪ್ರೀತಿ. "ಯೆಸ್" ಎನ್ನಿ, "ಕರೆಕ್ಟ್" ಎನ್ನಿ; "ರೈಟ್" ಎಂಬುದನ್ನು ಬಲಗೈಗೆ ಮೀಸಲಿಡಿ.

ಎರಡನೆಯದು ಲೆಕ್ಕದ ತೊಡಕು. "ಫಿಫ್ಟೀನ್" ಎಂದರೆ ಹದಿನೈದು, "ಫಿಫ್ಟಿ" ಎಂದರೆ ಐವತ್ತು. ರಸ್ತೆಯ ಗದ್ದಲದಲ್ಲಿ ಎರಡೂ ಒಂದೇ ಆಗಿ ಕೇಳಿಸುತ್ತವೆ. ನೂರಹದಿನೈದೆಂದು ತಿಳಿದು ಹತ್ತಿ, ನೂರೈವತ್ತಕ್ಕೆ ಜಗಳವಾಡುವುದು ಬೇಡ. "ಒನ್, ಫೈವ್, ಝೀರೋ?" ಎಂದು ಒಂದೊಂದೇ ಅಂಕಿ ಬಿಡಿಸಿ ಕೇಳಿ. ಕಚೇರಿಯಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸುವುದು ಸುಮ್ಮನೆ ಅಲ್ಲ.

ಮೂರನೆಯದು "ಡೂ ಯೂ ಮೈಂಡ್" ಎಂಬ ನಯದ ಪ್ರಶ್ನೆ. ಕಿಟಕಿ ತೆಗೆಯಲೇ ಎಂದು ಹೀಗೆ ಕೇಳಿದಾಗ ಎದುರಿನವರು "ನೋ" ಎಂದರೆ ಒಪ್ಪಿಗೆ, "ಯೆಸ್" ಎಂದರೆ ಆಕ್ಷೇಪಣೆ. ಕೇಳಿದವರಿಗೂ ಗೊಂದಲ, ಹೇಳಿದವರಿಗೂ ಗೊಂದಲ. "ಕ್ಯಾನ್ ಐ ಓಪನ್ ದ ವಿಂಡೋ?" ಎಂದರೆ ಸಾಕು.

ಫೋನಿನ ಟ್ಯಾಕ್ಸಿ

ಈಗ ಮನೆಯಲ್ಲಿ ಕುಳಿತೇ ಫೋನಿನಿಂದ ಟ್ಯಾಕ್ಸಿ ತರಿಸುವ ಕಾಲ. ಕಷ್ಟವಿರುವುದು ಆಮೇಲೆ. ಚಾಲಕ ಫೋನು ಮಾಡಿ "ವೇರ್ ಆರ್ ಯೂ?" ಎಂದು ಕೇಳುತ್ತಾನೆ. ಮುಖ ಕಾಣದು, ಕೈಸನ್ನೆ ನಡೆಯದು. ಆಗ ಹೇಳಬೇಕಾದುದು:

"ಐ ಆಮ್ ಸ್ಟ್ಯಾಂಡಿಂಗ್ ನಿಯರ್ ದ ಮೇನ್ ಗೇಟ್." (ದೊಡ್ಡ ಗೇಟಿನ ಬಳಿ ನಿಂತಿದ್ದೇನೆ.)
"ಐ ಆಮ್ ವೇರಿಂಗ್ ಎ ಗ್ರೀನ್ ಸ್ಯಾರಿ." (ಹಸಿರು ಸೀರೆ ಉಟ್ಟಿದ್ದೇನೆ.)

ಹತ್ತುವ ಮೊದಲು ಗಾಡಿಯ ನಂಬರು ನೋಡತಕ್ಕದ್ದು. "ನೀವು ಸಾವಿತ್ರಮ್ಮನವರಿಗಾಗಿ ಬಂದದ್ದೇ?" ಎಂದು ನಾವೇ ಹೆಸರು ಹೇಳಿ ಕೇಳಬಾರದು, ಯಾರು ಬೇಕಾದರೂ ಹೌದೆಂದಾರು. "ಪ್ಲೀಸ್ ಟೆಲ್ ಮೀ ದ ನೇಮ್" ಎಂದು ಅವರಿಂದಲೇ ಹೆಸರು ಹೇಳಿಸಬೇಕು. ಆಮೇಲೆ ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆಯನ್ನು ಕೇಳುತ್ತಾರೆ. ಬ್ಯಾಂಕಿನಿಂದ ಬರುವ ಅಂಕಿಗಳನ್ನು ಯಾರಿಗೂ ಹೇಳಬಾರದೆಂದು ಕಳೆದ ಸಲ ಬರೆದಿದ್ದೆವು. ಇದು ಬೇರೆ, ಗಾಡಿಯಲ್ಲಿ ಕುಳಿತ ಮೇಲೆ ಇದನ್ನು ಹೇಳಬೇಕಾದುದೇ. ಎರಡನ್ನೂ ಕಲಸಿಕೊಳ್ಳಬೇಡಿ.

ಮರ್ಯಾದೆಯ ಪ್ರಶ್ನೆ

ಕನ್ನಡದಲ್ಲಿ ನಮಗೆ "ನೀನು" ಉಂಟು, "ನೀವು" ಉಂಟು. ಇಂಗ್ಲಿಷಿನಲ್ಲಿ ಮಗುವಿಗೂ ಮಂತ್ರಿಗೂ ಒಂದೇ "ಯೂ". ನಮ್ಮ ಭಾಷೆಯಲ್ಲಿ "ನಿಲ್ಲಿಸಿ" ಎಂಬುದರ ಕೊನೆಯ ಇಕಾರವೇ ಮರ್ಯಾದೆಯನ್ನು ಹೊತ್ತಿರುತ್ತದೆ. "ಸ್ಟಾಪ್" ಎಂಬುದರಲ್ಲಿ ಅಂಥ ಬಾಲವಿಲ್ಲ. ಆದುದರಿಂದ ಊರಿನಲ್ಲಿ ಎಲ್ಲರನ್ನೂ ಬಹುವಚನದಲ್ಲಿ ಮಾತನಾಡಿಸುವ ಸಜ್ಜನರೂ ಇಂಗ್ಲಿಷಿಗೆ ಇಳಿದೊಡನೆ "ಗೋ", "ಸ್ಟಾಪ್", "ಫಾಸ್ಟ್" ಎಂದು ದರ್ಪದ ದೊರೆಗಳಾಗಿಬಿಡುತ್ತಾರೆ. ಅವರ ಮನಸ್ಸಿನಲ್ಲಿ ದರ್ಪವಿಲ್ಲ; ಆದರೆ ಕೇಳುವವನ ಕಿವಿಗೆ ಮನಸ್ಸು ಕಾಣುವುದಿಲ್ಲ. ಆ ಇಕಾರದ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡುವುದು "ಪ್ಲೀಸ್". ಇಳಿಯುವಾಗ "ಥ್ಯಾಂಕ್ ಯೂ" ಎಂಬುದೂ ಬೇಕು.

ಇನ್ನು ಕರೆಯುವುದು ಹೇಗೆ? "ಡ್ರೈವರ್" ಎಂದು ಕರೆದರೆ ಒರಟು. "ಸರ್" ಎಂದರೆ ಕೆಲವರಿಗೆ ಹಾಸ್ಯದಂತೆ ತೋರೀತು. ನಮ್ಮ ಕೈಯಲ್ಲೇ ಒಂದು ಮಾತಿದೆ: "ಅಣ್ಣಾ". ಕನ್ನಡದಲ್ಲೂ ಅದೇ, ತಮಿಳಿನಲ್ಲೂ ಅದೇ, ತೆಲುಗಿನಲ್ಲೂ ಅದೇ. "ಪ್ಲೀಸ್ ಸ್ಟಾಪ್ ಹಿಯರ್, ಅಣ್ಣಾ" ಎಂಬ ವಾಕ್ಯವನ್ನು ಯಾವ ವ್ಯಾಕರಣದ ಪುಸ್ತಕವೂ ಒಪ್ಪದಿರಬಹುದು. ಚೆನ್ನೈಯ ರಸ್ತೆ ಒಪ್ಪುತ್ತದೆ.

ಇದು ಬರಿಯ ನಯದ ಮಾತಲ್ಲ. ನಮ್ಮ ವಠಾರದಲ್ಲಿ ಹಾವೇರಿ ಕಡೆಯ ತಾಯಿಯೊಬ್ಬರಿದ್ದಾರೆ. ಯಜಮಾನರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಮೂರು ಸಲ ರಕ್ತ ಶುದ್ಧಿಗಾಗಿ ಆಸ್ಪತ್ರೆಗೆ ಹೋಗಬೇಕು. ಮಗನ ರಜೆಗಳೆಲ್ಲ ತೀರಿದುವು. "ನಂಗ ಭಾಷಾ ಬರೂದಿಲ್ರಿ, ಇವರನ್ನ ಹೆಂಗ ಕರಕೊಂಡು ಹೋಗ್ಲಿ?" ಎಂದು ಆಕೆ ಕಣ್ಣೀರಿಟ್ಟರು. ನಮ್ಮ ಮನೆಯವರು ಆಕೆಗೆ ಆರು ವಾಕ್ಯ ಕಲಿಸಿದರು. ಅಡಿಗೆಮನೆಯ ಮಣೆಯೇ ಟ್ಯಾಕ್ಸಿ, ನಮ್ಮ ಮಗಳೇ ಡ್ರೈವರು. ಎರಡು ವಾರದಲ್ಲಿ ಗಂಡನನ್ನು ತಾವೇ ಕರೆದುಕೊಂಡು ಹೋಗಿಬರತೊಡಗಿದರು.

ಒಂದು ಸಂಜೆ ಹಿಂದಿರುಗುವಾಗ ಯಜಮಾನರು ಸೀಟಿನಲ್ಲಿಯೇ ಬೆವರಿ ಒರಗಿಬಿಟ್ಟರು. ಕಲಿತ ಆರು ವಾಕ್ಯಗಳಲ್ಲಿ ಒಂದೂ ಆಕೆಗೆ ನೆನಪಾಗಲಿಲ್ಲ. "ಅಣ್ಣಾ, ಹಾಸ್ಪಿಟಲ್ ಬ್ಯಾಕ್, ಪ್ಲೀಸ್" ಎಂದರಷ್ಟೆ. ಚಾಲಕ ಒಮ್ಮೆ ತಿರುಗಿ ನೋಡಿದ. ಮರುಮಾತಿಲ್ಲದೆ ಗಾಡಿ ತಿರುಗಿಸಿ, ಆಸ್ಪತ್ರೆಯ ಬಾಗಿಲಲ್ಲಿ ತಾನೇ ಅವರನ್ನು ಹಿಡಿದಿಳಿಸಿ, ಚಕ್ರದ ಕುರ್ಚಿ ತಂದು ಕೂರಿಸಿದ. ರಕ್ತದೊತ್ತಡ ಇಳಿದಿತ್ತು, ವೈದ್ಯರು ಸಕಾಲದಲ್ಲಿ ನೋಡಿದರು. ಬಾಡಿಗೆ ಎಷ್ಟೋ ಅಷ್ಟನ್ನೇ ಆತ ತೆಗೆದುಕೊಂಡನಂತೆ. ಆಕೆಯ ನಾಲ್ಕು ಪದಗಳಲ್ಲಿ ಕ್ರಿಯಾಪದವಿರಲಿಲ್ಲ, ಹೇಳಬೇಕಾದುದೆಲ್ಲ ಇತ್ತು.

ಅಂಥ ಸಮಯಕ್ಕೆಂದೇ ಇನ್ನೆರಡು ವಾಕ್ಯಗಳನ್ನು ಗಟ್ಟಿ ಮಾಡಿಡಿ:

"ಹೀ ಈಸ್ ನಾಟ್ ವೆಲ್." (ಇವರಿಗೆ ಮೈ ಸರಿಯಿಲ್ಲ. ಹೆಂಗಸರಾದರೆ "ಶೀ".)
"ನಿಯರೆಸ್ಟ್ ಹಾಸ್ಪಿಟಲ್, ಪ್ಲೀಸ್." (ಹತ್ತಿರದ ಆಸ್ಪತ್ರೆಗೆ.)

ಆಂಬುಲೆನ್ಸಿಗೆ 108, ಯಾವುದೇ ಅಪಾಯಕ್ಕೆ 112 ಎಂಬ ಸಂಖ್ಯೆಗಳನ್ನು ಹಿರಿಯರ ಚೀಲದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ಜೊತೆಗೆ ಮನೆಯ ವಿಳಾಸವೂ ಇರಲಿ.

ಇನ್ನೊಂದು ವಿಚಾರ. ಚಾಲಕ ಆಡುವ ಇಂಗ್ಲಿಷನ್ನು ಅವನಿಗೆ ಯಾವ ಮೇಷ್ಟರೂ ಕಲಿಸಿದ್ದಲ್ಲ. ಹಿಂದಿನ ಸೀಟಿನಲ್ಲಿ ಕುಳಿತವರು ಕಲಿಸಿದ್ದು. ನಾವು ಗದರಿದರೆ ಅವನು ಗದರುವ ಇಂಗ್ಲಿಷ್ ಕಲಿಯುತ್ತಾನೆ, ನಮ್ಮ ನಂತರ ಹತ್ತುವ ಮುದುಕಿಗೆ ಅದನ್ನೇ ಆಡುತ್ತಾನೆ. "ಪ್ಲೀಸ್" ಎಂದರೆ ಅದೂ ಮುಂದಿನವರಿಗೆ ತಲುಪುತ್ತದೆ.

ಕಡೆಯದಾಗಿ, ಇಂಗ್ಲಿಷ್ ನಮ್ಮಿಬ್ಬರಿಗೂ ಎರವಿನ ಕೊಡೆ. ಮಳೆಗೆ ಹಿಡಿಯೋಣ, ತಪ್ಪಿಲ್ಲ. ಆದರೆ ಇಲ್ಲಿಯೇ ಬಾಳುವವರು ನಾಲ್ಕು ತಮಿಳು ಮಾತನ್ನೂ ಕಲಿಯುವುದು ಲೇಸು. ನಮ್ಮ ಹಾಲು ಅವರಲ್ಲಿ "ಪಾಲ್", ನಮ್ಮ ಹೋಗು ಅವರಲ್ಲಿ "ಪೋ". ಹಕಾರವಿದ್ದಲ್ಲಿ ಪಕಾರವಿಟ್ಟರೆ ಎಷ್ಟೋ ಮಾತುಗಳು ನೆಂಟರ ಮನೆಯವಾಗುತ್ತವೆ.

ಮುಂದಿನ ಸಂಚಿಕೆಯಲ್ಲಿ ಔಷಧದ ಅಂಗಡಿಯ ಮಾತುಗಳನ್ನು ನೋಡೋಣ. ಅಷ್ಟರೊಳಗೆ ಈ ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಆಡಿ ರೂಢಿ ಮಾಡಿಕೊಳ್ಳಿ. ಮಕ್ಕಳು ಡ್ರೈವರಾಗಲಿ, ಅಜ್ಜಿ ಸವಾರಿ ಹೊರಡಲಿ. ಬಾಡಿಗೆಗೆ ಒಂದು ಉಂಡೆ ಸಾಕು.