ನಿಮ್ಮ ಸಹಾನುಭೂತಿ ಎಲ್ಲೀವರೆಗೆ ಬರ್ತದೆ?



ಕೆರಗೋಡು ಕಡೆಯಿಂದ ಮಂಡ್ಯದ ಹಾಸ್ಟೆಲಿಗೆ ಬಂದ ನಮಗೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ವೇದಿಕೆ ಹತ್ತಿದವರೆಲ್ಲ 'ದಲಿತರ ಬಗ್ಗೆ ನಮಗೆ ಸಹಾನುಭೂತಿ ಇದೆ' ಅಂತಾರೆ. ಊರಿಗೆ ಹೋದರೆ ಅದೇ ಮಾತು 'ಅಯ್ಯೋ ಪಾಪ, ಏನ್ ಮಾಡಕ್ಕಾಯ್ತದೆ ಕನಪ್ಪಾ' ಅಂತ ಆಗುತ್ತದೆ. ಹೇಳುವವರು ಜಗಲಿ ಮೇಲೆ, ಕೇಳುವ ನಾವು ಅಂಗಳದಲ್ಲಿ.

ಪದದ ಅರ್ಥ ನೋಡಿ. ಸಹ ಅಂದರೆ ಜೊತೆ, ಅನುಭೂತಿ ಅಂದರೆ ಅನುಭವ. ಇನ್ನೊಬ್ಬರಿಗೆ ಆದದ್ದು ನಮಗೂ ಆಯಿತು ಅನ್ನುವುದೇ ಸಹಾನುಭೂತಿ. 'ಅನುಕಂಪ'ದಲ್ಲಿ ಇರುವ ಕಂಪ ಅಂದರೆ ನಡುಕ. ಒಬ್ಬ ನಡುಗಿದರೆ ಇನ್ನೊಬ್ಬನೂ ನಡುಗಬೇಕು. ಎರಡು ಪದದಲ್ಲೂ ಮೇಲು ಕೀಳು ಇಲ್ಲ. ಆದರೆ ಬಳಕೆಯಲ್ಲಿ ಎರಡೂ ಮೇಲಿನವರು ಕೆಳಗಿನವರಿಗೆ ಹಾಕುವ ಭಿಕ್ಷೆಯಾಗಿವೆ.

ಹಾಗಾದರೆ ನಮ್ಮ ಜನಕ್ಕೆ ಮಿಡಿಯೋದೇ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. 2024ರ ಜನವರಿಯಲ್ಲಿ ಕೆರಗೋಡಿನ 108 ಅಡಿ ಕಂಬದಿಂದ ಹನುಮಧ್ವಜ ಇಳಿಸಿದಾಗ ಭಾವನೆಗೆ ಧಕ್ಕೆ ಆಯ್ತು ಅಂತ ಜನ ಮಂಡ್ಯದವರೆಗೆ ನಡೆದರು. ಧ್ವಜದ ಸರಿತಪ್ಪು ಇಲ್ಲಿ ಬೇಡ. ನಮ್ಮದು ಒಂದೇ ಪ್ರಶ್ನೆ: ಕೇರಿಯ ಹುಡುಗನಿಗೆ ಏಟು ಬಿದ್ದ ದಿನ ಆ ಕಾಲುಗಳು ಯಾಕೆ ನಡೆಯೋದಿಲ್ಲ? ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಇಲ್ಲಿ ಸಹಾನುಭೂತಿ ಇದೆ, ಆದರೆ ಅದು ಜಾತಿಯ ಗಡಿ ದಾಟೋದಿಲ್ಲ ಅನ್ನುವುದು ಅವರ ಮಾತಿನ ಸಾರ.

ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ 7 ಜನ ದಲಿತರನ್ನು ಸುಟ್ಟು ಕೊಂದರು. ನಾಡೆಲ್ಲ ಮರುಗಿತು. ಆಮೇಲೆ? ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳನ್ನು ಬಯ್ಯೋದು ಸುಲಭ. ಅದೇ ಸೀಮೆಯಲ್ಲಿ ಕೂಲಿ ಮಾಡಿ ಬದುಕಬೇಕಾದ ಆ ಜನರ ಮಗ್ಗುಲಲ್ಲಿ ಆರು ವರ್ಷವೂ ನಿಂತವರು ಎಷ್ಟು ಜನ? ಮರುಗಿದವರೆಲ್ಲ ಎಲ್ಲಿ ಹೋದರು?

ನಾವೇನು ಕಮ್ಮಿಯಿಲ್ಲ. ಹಾಸ್ಟೆಲಿನ ಊಟದ ಸಾಲಲ್ಲೂ ನೀನು ಎಡಗೈ, ನಾನು ಬಲಗೈ ಅಂತ ನೋಡ್ತೀವಿ. ಮ್ಯಾನ್‌ಹೋಲಿಗೆ ಇಳಿದ ಪೌರಕಾರ್ಮಿಕ ಸತ್ತ ಸುದ್ದಿ ಓದಿ, ಪೇಪರ್ ಮಡಚಿಟ್ಟು ಊಟಕ್ಕೆ ಹೋಗ್ತೀವಿ. ನಮ್ಮೊಳಗೇ ದಾಟದ ಗಡಿಯನ್ನು ಊರಿನವರು ದಾಟಲಿ ಅಂತ ಕೇಳೋದು ಹೇಗೆ?

ಆದ್ದರಿಂದ ಓದು ಬಲ್ಲ ಗೆಳೆಯರು ಇಷ್ಟು ಮಾಡಿ. ಏಟು ತಿಂದವರ ಜೊತೆ ಸ್ಟೇಷನ್ನಿಗೆ ಹೋಗಿ. ದೂರು ಬರೆದುಕೊಡಿ. ಎಫ್‌ಐಆರ್ ಪ್ರತಿ ಕೈಗೆ ಬರುವವರೆಗೆ ಜಾಗ ಬಿಡಬೇಡಿ. ಸಾಕ್ಷಿ ಹೇಳೋ ದಿನ ಕೋರ್ಟಿನ ಮೆಟ್ಟಿಲವರೆಗೆ ಜೊತೆಗಿರಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಸೇರಿಸಿದ 15ಎ ಕಲಂ 2016ರ ಜನವರಿ 26ರಿಂದ ಜಾರಿಯಲ್ಲಿದೆ. ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡಬೇಕು, ಓಡಾಟದ ಖರ್ಚು ಕೊಡಬೇಕು ಅಂತ ಅದರಲ್ಲಿದೆ. ಸಾಮಾಜಿಕ ಕಾರ್ಯಕರ್ತರ, ವಕೀಲರ ನೆರವು ಪಡೆಯೋದೂ ಅವರ ಹಕ್ಕು. ಇದನ್ನು ಓದಿ, ಕೇರಿಯಲ್ಲಿ ಕೂತು ಓದಿ ಹೇಳಿ.

ಮುಂದಿನ ಸಲ ಯಾರಾದರೂ ವೇದಿಕೆ ಮೇಲೆ ಸಹಾನುಭೂತಿ ಅಂದರೆ ಎದ್ದು ನಿಂತು ಕೇಳಿ: 'ಸ್ವಾಮಿ, ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ನಮ್ ಜೊತೆ ಬತ್ತೀರಾ?'